ಲುಮಿರ್ ಅವರ ಟ್ರಕ್ಕು ನಡೆದ ದಿನ

ಆ ಶನಿವಾರ ಬೆಳಿಗ್ಗೆ ಲುಮಿರ್ ಹ್ರೊಮಾಡ್ಕಾ ಅವರ ಅಂಗಳದಲ್ಲಿ ಟ್ರಕ್ಕಿನ ಮೈ ಹೊರುವ ಎರಡು ಚಾಸಿಗಳು ಅಕ್ಕಪಕ್ಕ ನಿಂತಿದ್ದವು. ತುಕ್ಕು ತಿಂದ ಒಂದರ ಮೇಲೆ, ಅವರ ತಂದೆ ಕಾಲದ ಹಸಿರು ಪಿಕಪ್ ಟ್ರಕ್ಕಿನ ಕ್ಯಾಬಿನ್ನು ಬೋಲ್ಟುಗಳನ್ನೆಲ್ಲ ಬಿಚ್ಚಿಸಿಕೊಂಡು ಕೂತಿತ್ತು. ಇನ್ನೊಂದು ಈಚಿನ ಟ್ರಕ್ಕಿನದು. ನೆಬ್ರಾಸ್ಕಾದ ಆಲಿಕಲ್ಲು ಮಳೆಗೆ ಮೈಯೆಲ್ಲ ಜಜ್ಜಿಹೋಗಿ ಗುಜರಿ ಸೇರಿತ್ತು. ಎಂಜಿನ್ನು, ಚಕ್ರ, ಬ್ರೇಕು ಮಾತ್ರ ಗಟ್ಟಿಯಾಗಿದ್ದವು. ಹಳೇ ಕ್ಯಾಬಿನ್ನನ್ನು ಇವತ್ತು ಇದರ ಮೇಲೆ ಕೂರಿಸಬೇಕಿತ್ತು.

ಅಡುಗೆಮನೆ ಕಿಟಕಿಯಿಂದ ಸೊಸೆ ಟೆಸ್, ಮಗಳು ಹೇಝಲ್‌ಳನ್ನು ಸೊಂಟಕ್ಕೇರಿಸಿಕೊಂಡು ನೋಡುತ್ತಿದ್ದಳು. ಇದಕ್ಕೆಲ್ಲ ಕಾರಣ ತನ್ನ ಬಾಯಿ.

ಕಳೆದ ಕ್ರಿಸ್‌ಮಸ್ ಊಟದಲ್ಲಿ ಅಂದುಬಿಟ್ಟಿದ್ದಳು: "ದೇದಾ, ತಪ್ಪು ತಿಳ್ಕೋಬೇಡಿ. ಆ ಟ್ರಕ್ಕಿಗೆ ಸೀಟ್ ಬೆಲ್ಟಿಲ್ಲ. ಇಲ್ಲಿ ಬ್ರೇಕ್ ತುಳಿದ್ರೆ ಪಕ್ಕದೂರಲ್ಲಿ ನಿಲ್ಲುತ್ತೆ. ಹೇಝಲ್ ಅದರಲ್ಲಿ ಕೂರೋದು ಬೇಡ."

ಮಗು ಅಜ್ಜನನ್ನು ದೇದಾ ಅನ್ನುತ್ತಿತ್ತು. ಹಾಗಾಗಿ ಟೆಸ್ ಬಾಯಲ್ಲೂ ಅದೇ. ಲುಮಿರ್ ಬಾಯಲ್ಲಿದ್ದ ಗಸಗಸೆಯ ಹೂರಣದ ಸಿಹಿ ಬನ್ನು ಕೊಲಾಚಿಯನ್ನು ನಿಧಾನವಾಗಿ ಅಗಿದು ನುಂಗಿದರು. ಕೋಪವಿಲ್ಲ, ವಾದವಿಲ್ಲ. ಶಿಕಾಗೋದಲ್ಲಿ ಓದಿ ಬೆಳೆದ ಟೆಸ್‌ಗೆ ಆ ಮೌನವೇ ನುಂಗಲಾರದ ತುತ್ತಾಯಿತು. ಜನವರಿಯಲ್ಲಿ ಟ್ರಕ್ಕು ಶೆಡ್ಡು ಸೇರಿತು; ಸ್ಪಾನರಿನ ಸದ್ದು ಶುರುವಾಯಿತು.

ಲುಮಿರ್ ಬದುಕೇ ಹಾಗೆ, ಮಾತು ಕಡಿಮೆ. ಊರಿನ ಶಾಲಾ ಬಸ್ಸು ಓಡಿಸಿದವರು. ಹಿಮ ಬೀಳುವ ಸಂಜೆ ಮಗುವನ್ನು ಗೇಟಿನ ಹತ್ತಿರ ಇಳಿಸಿದರೆ, ಮನೆಯ ಬಾಗಿಲು ತೆರೆದು ಅದು ಒಳಗೆ ಹೋಗುವವರೆಗೂ ಬಸ್ಸು ಮುಂದೆ ಹೋಗುತ್ತಿರಲಿಲ್ಲ. ಮದುವೆಯ ದಿನ ಹೆಂಡತಿ ಆಲ್ಬೀನಾಳನ್ನು ಕರೆತಂದದ್ದು ಈ ಟ್ರಕ್ಕಿನಲ್ಲಿ. ಮಗ ಇವಾನ್ ಆಸ್ಪತ್ರೆಯಿಂದ ಮನೆಗೆ ಬಂದದ್ದು ಇದರಲ್ಲೇ, ಅಮ್ಮನ ಮಡಿಲಲ್ಲಿ. ಆಲ್ಬೀನಾ ಈಗಿಲ್ಲ. ಅವಳು ಮೊಣಕೈ ಊರಿ ಕೂರುತ್ತಿದ್ದ ಕಿಟಕಿಯಂಚಿನ ಹಸಿರು ಮಾಸಿ ಬಿಳಿಚಿಕೊಂಡಿದೆ. ಹ್ರೊಮಾಡ್ಕಾ ಮನೆಯಲ್ಲಿ ಈ ಟ್ರಕ್ಕು ಹತ್ತದವಳು ಅಂದರೆ ಹೇಝಲ್ ಒಬ್ಬಳೇ.

"ಕ್ರೇನ್ ತರಿಸಬಾರದಾ?" ಟೆಸ್ ಗಂಡನನ್ನು ಕೇಳಿದ್ದಳು.

"ಸರಪಳಿ ಬಿಗಿದ್ರೆ ಕ್ಯಾಬಿನ್ನನ್ನ ಹಿಂಡಿಬಿಡುತ್ತೆ. ಇಲ್ಲಿ ಕೈಯಲ್ಲೇ ಎತ್ತೋದು. ಭಾರ ಎಲ್ಲಿ ಬೀಳ್ತಿದೆ ಅಂತ ಕೈಗೆ ಗೊತ್ತಾಗುತ್ತೆ," ಅಂದಿದ್ದ ಇವಾನ್. ಎತ್ತುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಕಬ್ಬಿಣದ ಕೊಳವೆ ಬೆಸೆಯಬೇಕಂತೆ. ಇಲ್ಲದಿದ್ದರೆ ಖಾಲಿ ಕ್ಯಾಬಿನ್ನು ನೆನೆದ ರಟ್ಟಿನ ಡಬ್ಬಿಯ ಹಾಗೆ ಸೊಟ್ಟಗಾಗಿ, ಮತ್ತೆಂದೂ ಬಾಗಿಲು ಕೂರುವುದಿಲ್ಲ. ಅಷ್ಟು ಕೇಳಿದ್ದೇ ಸಾಕಾಯಿತು, ಟೆಸ್‌ಗೆ ನಿದ್ದೆ ಹಾರಿತ್ತು. ಸೊಟ್ಟಗಾದರೆ ಚಳಿಗಾಲದ ದುಡಿಮೆ ಮಣ್ಣುಪಾಲು, ಟ್ರಕ್ಕೂ ಹೋಯಿತು. ಎಲ್ಲ ತನ್ನ ಒಂದು ಮಾತಿಗೆ.

ನೆರೆಯವರು ಬಂದರು. ಹೊಟ್ಟೆ ಮುಂದುಮಾಡಿಕೊಂಡು ಎಮಿಲ್ ವ್ರಾನಾ ಬಂದ.

"ಲುಮಿರ್, ಕೊಲಾಚಿ ಕೊಡೋದು ಎತ್ತೋಕ್ಕೆ ಮುಂಚೆನೋ, ಆಮೇಲೋ?"

"ಆಮೇಲೆ. ಈಗಲೇ ತಿಂದ್ರೆ ನಿನ್ನನ್ನೂ ಎತ್ತಬೇಕಾಗುತ್ತೆ."

"ಮನೇಲಿ ತಿಂದ ತಟ್ಟೆ ಎತ್ತಲ್ಲ ಈ ಮನುಷ್ಯ," ಅಂದಳು ಅವನ ಹೆಂಡತಿ ಬ್ಲಾಂಚ್. "ಇಲ್ಲಿ ಟ್ರಕ್ ಎತ್ತೋಕ್ಕೆ ಬಂದವ್ನೆ ನೋಡಿ!"

ಟೆಸ್ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಳು. ಲುಮಿರ್ ಎಲ್ಲರೆದುರು ನಿಂತು ಒಂದು ಕೈ ಮೇಲೆತ್ತಿದರು. ನಗು ನಿಂತಿತು. ಅಲ್ಲಿದ್ದ ಅರ್ಧಕ್ಕರ್ಧ ಜನ ಚಿಕ್ಕಂದಿನಲ್ಲಿ ಅದೇ ಕೈ ನೋಡಿ ರಸ್ತೆ ದಾಟಿದವರು.

"ಹೂಂ, ಎತ್ತಿ," ಅಂದರು ಮೆಲ್ಲಗೆ.

ಕ್ಯಾಬಿನ್ನು ಎದ್ದಿತು. ಕಿರ್ ಅನ್ನಲಿಲ್ಲ, ಓಲಾಡಲಿಲ್ಲ. ನೀರು ತುಂಬಿದ ಬಟ್ಟಲು ಎತ್ತಿದ ಹಾಗೆ ಮೇಲಕ್ಕೆ ಬಂತು. ಹಳೇ ಚಾಸಿಯನ್ನು ಹಿಂದಕ್ಕೆ ಬಿಟ್ಟು ಹುಲ್ಲಿನ ಮೇಲೆ ಹೊರಟಿತು. ಹೊತ್ತವರ ತಲೆಗಳು ಹಸಿರು ತಗಡಿನ ಹಿಂದೆ ಮರೆಯಾಗಿ, ಕೆಳಗೆ ಬರೀ ಕಾಲುಗಳು. ಅಷ್ಟು ಕಾಲುಗಳಿಗೂ ಒಂದೇ ಹೆಜ್ಜೆ. ಗಾಜಿಲ್ಲದ ಕಿಟಕಿಗಳಲ್ಲಿ ಆಕಾಶ ತುಂಬಿಕೊಂಡು ಆ ಮುದಿ ವಾಹನ ತನ್ನಷ್ಟಕ್ಕೆ ತಾನೇ ಹೊಸ ಜಾಗ ಹುಡುಕಿಕೊಂಡು ಹೋಗುತ್ತಿದ್ದಂತಿತ್ತು. ಟೆಸ್ ಭಯಪಡುವುದನ್ನೂ ಮರೆತು ನಿಂತಳು.

"ಕಾಲು!" ಹೇಝಲ್ ಕೂಗಿದಳು. "ಟ್ರಕ್ಕಿಗೆ ಕಾಲು!"

ಹೊಸ ಚಾಸಿಯ ಮೇಲೆ ಕ್ಯಾಬಿನ್ನು ಇಳಿಯಿತು. ಚಾಲಕನ ಕಡೆಯ ಕೊಳವೆ ಕತ್ತರಿಸಿ ಬಾಗಿಲು ಹಾಕಿದರು, ಕೂತಿತು. ಆಚೆಯದು ಕೂರಲಿಲ್ಲ. ಹಿಂದಿನ ಮೂಲೆ ಇಳಿದು, ಬಾಗಿಲು ಬೆರಳಗಲ ಹೊರಗೇ ನಿಂತಿತು.

ಇವಾನ್ ಬಗ್ಗಿ ನೋಡಿದ. "ಅಪ್ಪಾ, ಈ ಕಡೆ ಬೆಸೆದೇ ಇಲ್ವಲ್ಲ! ಬರೀ ಕ್ಲಾಂಪ್ ಹಾಕಿ ಬಿಗಿದಿದೀರಾ?"

ಲುಮಿರ್ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಅಲ್ಲಿ ಬೆಂಕಿ ಇಡೋಕ್ಕೆ ಮನಸ್ಸು ಬರಲಿಲ್ಲ ಕಣೋ. ಬಣ್ಣ ಸುಟ್ಟುಹೋಗುತ್ತೆ. ಅದು ನಿಮ್ಮಮ್ಮನ ಕಡೆ."

ಎಮಿಲ್ ಸುತ್ತಿಗೆಯತ್ತ ಕೈ ಚಾಚಿದ, ಲುಮಿರ್ ಬೇಡವೆಂದು ತಲೆಯಾಡಿಸಿದರು. ಮಂಡಿಯೂರಿ ಚಾಸಿಯ ಕೆಳಗೆ ನೋಡಿ, "ಆ ಮೂಲೆ ಒಂಚೂರು ಎತ್ತಿ," ಅಂದರು. ಎತ್ತಿದಾಗ ತೆಳುವಾದ ಕಬ್ಬಿಣದ ಬಿಲ್ಲೆಯೊಂದನ್ನು ಸಂದಿಗೆ ತೂರಿಸಿದರು. ಬಾಗಿಲು ಸ್ವಲ್ಪ ಒಳಗೆ ಹೋಯಿತು, ನಿಂತಿತು.

ಟೆಸ್‌ಗೆ ತಡೆಯಲಾಗಲಿಲ್ಲ. ಮಗುವನ್ನು ಬ್ಲಾಂಚ್ ಕೈಗಿತ್ತು ಓಡಿ ಬಂದು, ಗಂಡಸರ ನಡುವೆ ತೂರಿ, ಆ ಮೂಲೆಗೆ ತನ್ನೆರಡು ಕೈ ಕೊಟ್ಟಳು. ತಗಡು ತಣ್ಣಗಿತ್ತು. ಭಾರ ಭುಜಕ್ಕೆ ಇಳಿಯಿತು. ಎಲ್ಲರ ಉಸಿರಿನೊಡನೆ ಅದು ಏಳುವುದು ಅಂಗೈಗೆ ತಿಳಿಯಿತು. ಮತ್ತೊಂದು ಬಿಲ್ಲೆ ಒಳಗೆ ಹೋಯಿತು.

"ಈಗ ನೀನೇ ಹಾಕು, ಮಗಳೇ," ಅಂದರು ಲುಮಿರ್.

ಅವಳು ಬಾಗಿಲನ್ನು ಮೆಲ್ಲಗೆ ದೂಡಿದಳು. ಟಕ್ ಎಂದು ಕೂತಿತು. ಎಮಿಲ್ ಸಿಳ್ಳೆ ಹೊಡೆದ.

ಟೆಸ್ ಕೈ ಇನ್ನೂ ಹಿಡಿಕೆಯ ಮೇಲಿತ್ತು. "ದೇದಾ, ಬ್ರೇಕು?"

"ಪೈಪ್ ಜೋಡಿಸಿ ಎಣ್ಣೆ ತುಂಬಿದ ಮೇಲೆ ನೀನೇ ತುಳಿದು ನೋಡು."

"ನೋಡ್ತೀನಿ. ಬೆಲ್ಟೂ ಎಳೆದು ನೋಡ್ತೀನಿ. ಮೊದಲ ಸಲ ನಾನೂ ಬರ್ತೀನಿ, ಹೇಝಲ್ ನಡುವೆ ಕೂರ್ಲಿ."

ಲುಮಿರ್ ಅವಳ ಮುಖವನ್ನೇ ನೋಡಿದರು. "ನಡುವೆ ಅಂದ್ರೆ, ಅಲ್ಲಿಗೂ ಒಂದು ಬೆಲ್ಟ್ ಕೂರಿಸ್ಬೇಕು," ಎಂದು ಜೇಬಿನಿಂದ ಅಳತೆಪಟ್ಟಿ ತೆಗೆದು, ಕೊಲಾಚಿಗೆ ಕರೆಯುತ್ತಿದ್ದ ಬ್ಲಾಂಚ್ ಮಾತು ಕಿವಿಗೇ ಬೀಳದವರಂತೆ ಕ್ಯಾಬಿನ್ನಿನೊಳಗೆ ತಲೆ ತೂರಿಸಿದರು.