ಅಡಿಕೆ ಬೆಳೆಯದ ದೇಶ

ಕಾನಸೂರಿನ ಚಹಾದಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅಡಿಕೆ ಹಾಳೆಯ ತಟ್ಟೆ ಮಾಡುವುದನ್ನು ನೋಡಲು ಸ್ಲೊವಾಕಿಯಾದಿಂದ ಬಂದ ಮಹಿಳೆಯೊಬ್ಬರಿಗೆ ನಾನು ದುಭಾಷಿ. ಬೆಳಗಿನ ಸಭೆಯಲ್ಲಿ ಪಕ್ಷದ ಮುಖಂಡರೊಬ್ಬರು ಅವರನ್ನು ‘ಸ್ಲೊವೇನಿಯಾದ ಸಹೋದರಿ’ ಎಂದು ಮೂರು ಸಲ ಸ್ವಾಗತಿಸಿದರು. ಮೂರು ಸಲವೂ ನಾನು ದೇಶದ ಹೆಸರನ್ನು ಮೆಲ್ಲಗೆ ತಿದ್ದಿ ಅನುವಾದಿಸಿದೆ. ಆದರೆ ತಪ್ಪು ಹೆಸರು ಅವರ ಕಿವಿಗೆ ಬಿದ್ದಿತ್ತು. ಆಗಿನಿಂದ ಅತಿಥಿಯ ಮುಖದಲ್ಲಿ ನಗು ಇರಲಿಲ್ಲ.

ಅಂಗಡಿಯ ಬೆಂಚಿನಲ್ಲಿದ್ದ ಹಿರಿಯ ರೈತರೊಬ್ಬರು ನನ್ನನ್ನು ಕೇಳಿದರು: “ಇವ್ರದ್ದು ಯಾವ ದೇಶ ತಮಾ?”

“ಸ್ಲೊವಾಕಿಯಾ. ಬೆಳಗಿನ ಸಭೆಯಲ್ಲಿ ಸಾಹೇಬರು ಬೇರೆ ದೇಶದ ಹೆಸರು ಹೇಳಿಬಿಟ್ಟರು.”

“ಹೆಸರು ಎಂತದೇ ಆಗ್ಲಿ. ಅಲ್ಲಿಂದ ಇಲ್ಲಿಗೆ ಅಡಿಕೆ ಬತ್ತಾ?”

ಬರ್ಮಾ, ಇಂಡೊನೇಷ್ಯಾ, ಶ್ರೀಲಂಕಾ ಎಂದರೆ ಈ ಸೀಮೆಯವರಿಗೆ ಹೊರಗಿನಿಂದ ಬಂದು ತಮ್ಮ ದರ ಇಳಿಸುವ ಅಡಿಕೆ, ಅಷ್ಟೇ.

“ಅಲ್ಲಿ ಹಿಮ ಬೀಳುತ್ತೆ. ಒಂದು ಅಡಿಕೆ ಮರವೂ ಇಲ್ಲ,” ಎಂದೆ.

“ಹಂಗಾರೆ ಅಡ್ಡಿಲ್ಲೆ. ಒಳ್ಳೆ ದೇಶ.” ಅವರು ಸರಿದು ಜಾಗ ಮಾಡಿ, ಎಲೆ-ಅಡಿಕೆಯ ಕವಳದ ಸಂಚಿ ಬಿಚ್ಚಿ ಅತಿಥಿಯ ಮುಂದೆ ಹಿಡಿದರು.

ಏನೆಂದರು ಎಂದು ಆಕೆ ಕೇಳಿದರು. ಈ ಸಲ ಏನನ್ನೂ ತಿದ್ದದೆ ಅನುವಾದಿಸಿದೆ. ಆಕೆ ಗಟ್ಟಿಯಾಗಿ ನಕ್ಕ ಮೇಲೆಯೇ ನನಗೆ ಚಹಾದ ರುಚಿ ಗೊತ್ತಾಗಿದ್ದು.