ಎತ್ತಿನ ಬಾನಿಯ ನೀರು

ಭಾನುವಾರ ಬೆಳಗ್ಗೆ ಹೆಬ್ಬಗೋಡಿಯಿಂದ ಹೊರಟು, ಆನೇಕಲ್ ಕಡೆಯ ಬೀಳು ಜಮೀನು, ಕೆರೆಯಂಗಳ, ಗುಡ್ಡ, ಹಳೆಯ ಕಲ್ಲುಕ್ವಾರಿಗಳ ದಾರಿಯಲ್ಲಿ ಎರಡು ಗಂಟೆ ಡರ್ಟ್ ಬೈಕ್ ಓಡಿಸುವುದು ನನಗಿರುವ ಒಂದೇ ಚಟ. ಮೈತುಂಬ ಕೆಸರು ಮೆತ್ತಿಕೊಂಡ ಗಾಡಿಯನ್ನು ಕಂಡರೆ ವಾಟರ್ ವಾಶ್ ಅಂಗಡಿಯವರು "ಮೋರಿ ಕಟ್ಕೊಳ್ಳುತ್ತೆ ಸಾರ್" ಎಂದು ಕೈ ಮುಗಿಯುತ್ತಿದ್ದರು. ಒಪ್ಪಿಕೊಂಡ ಒಬ್ಬನೇ ಒಬ್ಬ ಪುಣ್ಯಾತ್ಮ ಚಕ್ರದ ನಡುವಿಗೇ ನೀರು ಹೊಡೆದು ಬೇರಿಂಗಿಗೆ ತುಕ್ಕು ಹಿಡಿಸಿದ. ಅಂದಿನಿಂದ ಬಾಡಿಗೆ ಮನೆಯ ಅಂಗಳದಲ್ಲೇ ಪೈಪು ಹಿಡಿದು ತೊಳೆಯತೊಡಗಿದೆ.

ಆ ಕಟ್ಟಡದ ಒಡತಿ ನೆಲಮಹಡಿಯಲ್ಲಿದ್ದ ಅಜ್ಜಿ. ಹಿಂದೆ ಅಲ್ಲಿ ಅವರದೇ ಕೊಟ್ಟಿಗೆ ಇತ್ತಂತೆ. ಈಗ ಮೂರು ಮಹಡಿ, ಒಂಬತ್ತು ಸಂಸಾರ, ದಿನ ಬಿಟ್ಟು ದಿನ ಬರುವ ಟ್ಯಾಂಕರ್ ನೀರು. ಸಂಪಿನ ಮೋಟಾರಿನ ಸ್ವಿಚ್ಚನ್ನು ಪುಟ್ಟ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಅಜ್ಜಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ಒಂದು ಸೋಮವಾರ ಬೆಳಗ್ಗೆ ಮೇಲಿನ ಮನೆಗಳ ನಲ್ಲಿಗಳೆಲ್ಲ ಗೊರಗೊರ ಎಂದು ಸುಮ್ಮನಾದವು. ಹಿಂದಿನ ದಿನ ನಾನು ಒಂದು ಗಂಟೆ ಪೈಪು ಬಿಟ್ಟಿದ್ದೇ ಕಾರಣ.

ಅಜ್ಜಿ ನೇರ ನನ್ನ ಬಾಗಿಲಿಗೆ ಬಂದರು. "ಏನಪ್ಪಾ, ನೀನು ತೊಳ್ದಿದ್ದು ಗಾಡೀನೋ, ಊರ್ನೋ? ಮೇಲಿನ ಎಣ್ಮಕ್ಳಿಗೆ ಮುಖ ತೊಳ್ಯಾಕೂ ನೀರಿಲ್ಲ. ಇನ್ನೊಂದ್ಸಲ ಇಂಗೆ ಮಾಡಿದ್ರೆ ಗಾಡಿ ಮಾರು, ಇಲ್ಲಾ ಮನೆ ಖಾಲಿ ಮಾಡು."

ಎದುರು ಮಾತಾಡದೆ ಬಿಡುವ ಜನ್ಮ ನನ್ನದಲ್ಲ. ಆದರೆ ಮೆಟ್ಟಿಲ ಮೇಲೆ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟ ಹೆಂಗಸೊಬ್ಬರು ಖಾಲಿ ಬಕೆಟ್ ಹಿಡಿದು ಗಡಿಯಾರ ನೋಡುತ್ತಾ ನಿಂತಿದ್ದರು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಮಾರಿಬಿಡುತ್ತೇನೆ ಎಂದು ಒಳಗೆ ಬಂದು ಹಾರಾಡಿದಾಗ ಹೆಂಡತಿ ಅಂದಳು: "ಬೇಡಾರೀ. ನೀವು ಭಾನುವಾರ ಓಡಿಸ್ಲಿಲ್ಲ ಅಂದ್ರೆ ಸೋಮವಾರದಿಂದ ಶನಿವಾರದವರೆಗೂ ಅನುಭವಿಸೋರು ನಾವು." ಮಾತು ನಿಜ. ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ನಾನು ಮೆಂಟೆನೆನ್ಸ್ ಫಿಟ್ಟರ್. ಅಲ್ಲಿ ಎಲ್ಲರ ಬೈಗುಳವನ್ನೂ ಕೇಳಿಸಿಕೊಂಡು ಅದನ್ನು ಮನೆಗೆ ತಂದು ಸುರಿಯುತ್ತಿದ್ದೆ. ಬೈಕು ಬರುವ ಮುಂಚೆ, ನನ್ನ ಬೂಟಿನ ಸದ್ದು ಕೇಳಿದರೆ ಮಗಳು ಪುಸ್ತಕ ಎತ್ತಿಕೊಂಡು ಒಳಕೋಣೆಗೆ ಹೋಗಿಬಿಡುತ್ತಿದ್ದಳು. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಅವಳು ಹಾಗೆ ಎದ್ದು ಹೋಗುವುದು ನಿಂತದ್ದು ನಾನು ಗುಡ್ಡ ಸುತ್ತತೊಡಗಿದ ಮೇಲೆ.

ನೀರನ್ನು ಒತ್ತಡದಿಂದ ಚಿಮ್ಮಿಸುವ ಪ್ರೆಶರ್ ವಾಷರ್ ಆದರೆ ಪೈಪಿಗಿಂತ ಎಷ್ಟೋ ಕಡಿಮೆ ನೀರು ಸಾಕು ಎಂದು ಗೊತ್ತಿತ್ತು. ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದ ಹೆಂಗಸು ಮೊದಲು ಕೇಳಿದ್ದೇ "ಸಾರ್, ಮನೇಲಿ ನೀರು ಹೆಂಗೆ ಬರುತ್ತೆ?" ಎಂದು. ನನಗೆ ರೇಗಿತು. ಹತ್ತು ವರ್ಷ ಪಂಪುಗಳ ಜೊತೆ ಸಂಸಾರ ಮಾಡಿದವನಿಗೆ ಇವರೇನು ಪಾಠ ಹೇಳುವುದು! "ಪ್ರೆಶರ್ ಎಷ್ಟು ಬಾರ್ ಹೇಳಿ ಮೇಡಂ, ಸಾಕು" ಎಂದು, ಒತ್ತಡ ಎಲ್ಲಕ್ಕಿಂತ ಜಾಸ್ತಿ ಇದ್ದ ಯಂತ್ರವನ್ನೇ ಎತ್ತಿಕೊಂಡು ಬಂದೆ.

ಆ ಭಾನುವಾರ ಗಾಡಿಯನ್ನು ಬೇಕೆಂದೇ ಕೆಸರಲ್ಲಿ ಹೊರಳಿಸಿ ತಂದೆ. ಅಜ್ಜಿ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಯಂತ್ರ ಶುರು ಮಾಡಿದೆ. ಒಂದು ಸಲ ಬುಸ್ ಎಂದು ಉಗಿದು, ಆಮೇಲೆ ಬರೀ ಕಿರುಚಾಟ. ಅಂಗಳದ ನಲ್ಲಿಯಲ್ಲಿ ಬೆರಳಿನಷ್ಟು ಸಣ್ಣಗೆ ಬರುತ್ತಿದ್ದ ನೀರು ಅದರ ಗಂಟಲಿಗೂ ಸಾಲದು. ಒಳಗೆ ಬರುವ ನೀರು ನೋಡದೆ ಪಂಪು ಹಾಕಬಾರದು ಎಂದು ಕಾರ್ಖಾನೆಗೆ ಹೊಸದಾಗಿ ಬಂದವರಿಗೆಲ್ಲ ಕಿವಿ ಹಿಂಡಿ ಹೇಳುವವನೇ ನಾನು! ಅಜ್ಜಿ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಅವರೆಕಾಯಿ ಸುಲಿಯತೊಡಗಿದರು. ಅದಕ್ಕೇ ಇನ್ನಷ್ಟು ಉರಿಯಿತು. ಸಂಜೆ ಸಾರಿಗೆ ಉಪ್ಪು ಕಡಿಮೆಯಾಯಿತು ಎಂಬ ನೆಪಕ್ಕೆ ಮನೆಯಲ್ಲಿ ಕೂಗಾಡಿದೆ. ಮಗಳು ಪುಸ್ತಕ ಎತ್ತಿಕೊಂಡು ಒಳಗೆ ಹೋದಳು. ಆಗ ನನಗೆ ನಿಜವಾಗಿ ಭಯವಾಯಿತು.

ಮರುದಿನ ತಲೆ ತಗ್ಗಿಸಿ ಅದೇ ಕೌಂಟರಿನ ಮುಂದೆ ನಿಂತೆ. ಆಕೆ ನಗಲಿಲ್ಲ, ಪಾಪ. ಒತ್ತಡ ಸ್ವಲ್ಪ ಕಡಿಮೆಯಿದ್ದರೂ ಬಕೆಟ್ಟಿನಿಂದ ತಾನೇ ನೀರು ಎಳೆದುಕೊಳ್ಳುವ ಯಂತ್ರವೊಂದನ್ನು ಬದಲಿಗೆ ಕೊಟ್ಟರು. ಮುಂದಿನ ಭಾನುವಾರ ಗುಡ್ಡಕ್ಕೆ ಹೋಗಲಿಲ್ಲ. ಒಣಗಿ ಗಟ್ಟಿಯಾಗಿದ್ದ ಹಳೆಯ ಕೆಸರನ್ನೇ ತೊಳೆಯಲು ಕೂತೆ. ಯಂತ್ರ ಚೆನ್ನಾಗಿಯೇ ಎಳೆಯಿತು, ಆದರೆ ಎರಡು ನಿಮಿಷಕ್ಕೆ ಬಕೆಟ್ ಖಾಲಿ. ನಿಲ್ಲಿಸಬೇಕು, ಬಚ್ಚಲಿಗೆ ಓಡಬೇಕು, ತುಂಬಿಸಿ ತರಬೇಕು. ಮೂರನೆಯ ಸಲ ಓಡುವಾಗ ಅಜ್ಜಿ ಅವರೆಕಾಯಿ ಮೊರ ಪಕ್ಕಕ್ಕಿಟ್ಟು ಎದ್ದರು.

"ಯಾಕಂಗೆ ಎಗರಾಡ್ತೀಯ? ಬಾ ಇಲ್ಲಿ."

ಕಾಂಪೌಂಡಿನ ಮೂಲೆಯಲ್ಲಿ ಒಡೆದ ಟೈಲ್ಸು, ಪೇಂಟ್ ಡಬ್ಬಗಳ ಕೆಳಗೆ ಒಂದು ಕಲ್ಲುಬಾನಿ ಹುದುಗಿತ್ತು. ಕೊಟ್ಟಿಗೆಯಿದ್ದ ಕಾಲದಲ್ಲಿ ಎತ್ತುಗಳು ನೀರು ಕುಡಿಯುತ್ತಿದ್ದ ಬಾನಿ. ಅದರಲ್ಲಿದ್ದುದನ್ನೆಲ್ಲ ನನ್ನ ಕೈಯಲ್ಲೇ ತೆಗೆಸಿ, ಉಜ್ಜಿಸಿ, ತಾವೇ ಮೋಟಾರಿನ ಬೀಗ ತೆಗೆದು ತುಂಬಿಸಿದರು. ಯಂತ್ರದ ಪೈಪನ್ನು ಅದರೊಳಗೆ ಬಿಟ್ಟೆ. ಒಮ್ಮೆಯೂ ನಿಲ್ಲದೆ ಗಾಡಿ ತೊಳೆದು ಮುಗಿಯಿತು. ಅಜ್ಜಿ ಬಾನಿಗೆ ಮೊಣಕೈವರೆಗೆ ಕೈ ಇಳಿಸಿ ಅಳೆದರು.

"ನಮ್ ಜೋಡೆತ್ತು ಬಾಯಿ ಆಕುದ್ರೆ ತಳ ಕಾಣ್ತಿತ್ತು. ನಿನ್ ಗಾಡಿ ಅರ್ಧಾನೂ ಕುಡೀಲಿಲ್ಲ."

ಆಮೇಲೆ ಬಗ್ಗಿ ಚಕ್ರದ ನಡುವೆ ಬೆರಳಿಟ್ಟರು. "ಇಲ್ಲಿ ಅಂಗೇ ಬಿಟ್ಟಿದ್ದೀಯಲ್ಲ?"

"ಅಲ್ಲಿಗೆ ಜೋರಾಗಿ ಹೊಡೀಬಾರ್ದು ಅಜ್ಜಿ, ಒಳಗೆ ಬೇರಿಂಗ್ ಇದೆ."

"ಎತ್ತಿನ ಕಣ್ಗೂ ಯಾರಾನ ಕೊಡ ಎತ್ತಿ ಸುರೀತಾರಾ? ಅಲ್ಲಿ ಕೈಯಾಗೆ ಉಜ್ಜಬೇಕು" ಎಂದು ಒಂದು ಹಿಡಿ ತೆಂಗಿನ ನಾರು ತಂದುಕೊಟ್ಟರು. ನಾನು ಕುಕ್ಕರಗಾಲಿನಲ್ಲಿ ಕೂತು ಉಜ್ಜಿದೆ, ಅವರು ಚೊಂಬಿನಲ್ಲಿ ಸಣ್ಣಗೆ ನೀರು ಬಿಟ್ಟರು. ಗಾಡಿಯ ಒದ್ದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಅವರ ಅಂಗೈ ಒಂದೆರಡು ಸಲ ಹಾಗೇ ಹಿಂದಕ್ಕೂ ಮುಂದಕ್ಕೂ ಆಡಿತು. "ಇರ್ಲಿ ಬಿಡು ಗಾಡಿ" ಎಂದು ಒಳಗೆ ಹೋದರು. ನಾನು ಇನ್ನೊಂದು ಚಕ್ರದ ನಡುವನ್ನೂ ಅದೇ ನಾರಿನಿಂದ ಉಜ್ಜತೊಡಗಿದೆ.

ಅದರ ಮುಂದಿನ ಭಾನುವಾರ ಗುಡ್ಡ ಸುತ್ತಿ, ತಲೆಯಿಂದ ಕಾಲಿನವರೆಗೆ ಕೆಸರಾಗಿ ಬಂದೆ. ಬಾನಿ ಆಗಲೇ ತುಂಬಿತ್ತು. ಅದರ ಅಂಚಿನ ಮೇಲೆ ನಾರಿನ ಉಂಡೆ ಇತ್ತು. ಪಕ್ಕದಲ್ಲೇ ಮಗಳು ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಕೂತು ಓದುತ್ತಿದ್ದಳು. ಕೆಸರು ತುಂಬಿದ ಬೂಟು ಪಚಪಚ ಅನ್ನುತ್ತಿದ್ದಂತೆ ಹತ್ತಿರ ಹೋದೆ. ಅವಳು ಕಾಲನ್ನು ಮಾತ್ರ ಮೇಲೆತ್ತಿಕೊಂಡು ಯಂತ್ರದ ಪೈಪಿಗೆ ಜಾಗ ಬಿಟ್ಟಳು, ಎದ್ದು ಹೋಗಲಿಲ್ಲ.