ಯಾರಿಗೆ ತಿಳಿಸಬೇಕು

ಚಿತ್ರದುರ್ಗದಲ್ಲಿ ಜೋಗಿಮಟ್ಟಿ ಕಡೆ ಹೋಗುವ ರಸ್ತೆಯ ಪಕ್ಕ, ನೋಡಿಕೊಳ್ಳುವವರಿಲ್ಲದ ಮುದುಕರಿಗೆಂದು ಸರ್ಕಾರ ಕಟ್ಟಿಸಿದ ಮನೆಗಳ ಸಾಲೊಂದಿತ್ತು. ಎಪ್ಪತ್ತರ ದಶಕದಲ್ಲಿ ಕೆಲವು ವರ್ಷ ನಾನು ಅಲ್ಲಿ ಮೇಲ್ವಿಚಾರಕಿಯಾಗಿದ್ದೆ. ಒಂದು ಬೇಸಿಗೆ ಒಬ್ಬ ತಾತ ಬಚ್ಚಲಲ್ಲಿ ಜಾರಿ ಬಿದ್ದು ತೀರಿಕೊಂಡ. ಅವನಿಗೆ ಯಾರಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ನಾವೇ ಮಣ್ಣು ಮಾಡಿದೆವು. ಆಮೇಲೆ ಸುದ್ದಿ ತಿಳಿದು ಹೊಳಲ್ಕೆರೆಯಿಂದ ಬಂದ ಮಗಳು ಗುಂಡಿಯ ಮಣ್ಣನ್ನು ಕೈಯಲ್ಲೇ ಬಗೆಯತೊಡಗಿದಳು. ಇಬ್ಬರು ಹಿಡಿದು ಎಳೆಯಬೇಕಾಯಿತು. ಅದಾದ ಮೇಲೆ ಆದೇಶ ಬಂತು: ಆಪತ್ತು ಬಂದರೆ ಯಾರಿಗೆ ತಿಳಿಸಬೇಕು, ಅವರು ಎಲ್ಲಿರುತ್ತಾರೆ, ಪ್ರತಿಯೊಬ್ಬರದೂ ಬರೆದಿಡಬೇಕು.

ಪುಸ್ತಕ ಹಿಡಿದು ಮನೆಮನೆಗೆ ಹೋದೆ. ಕೊನೆಯ ಮನೆಯಲ್ಲಿ ಮದಕರಿಪುರದ ಕಡೆಯ, ಕುರಿ ಸಾಕುವ ಮನೆತನದ ಅಜ್ಜಿಯೊಬ್ಬಳಿದ್ದಳು. ಕಾಲು ಚಾಚಿ ಕುಳಿತು ಉಣ್ಣೆ ನೂಲುತ್ತಿದ್ದಳು.

"ಮಗ ಇದಾನಲ್ಲ ಅಜ್ಜಿ, ಅವನ ಹೆಸರು ಬರೀಲಾ?"

"ಬ್ಯಾಡ. ನನ್ನ ಸೊಸೇದು ಬರ್ಕ. ಹಿರಿಯೂರಾಗೆ ಅಕ್ಕಿ ಮಿಲ್ಲಿಗೆ ಹೋಗ್ತಾಳೆ. ನನ್ನ ಜೀವ ಹೋದ್ರೆ ಅವಳಿಗೆ ಹೇಳು. ಅವಳು ಎಲ್ಲೈದಾಳೆ ಅಂತ ನನ್ನ ಮಗನಿಗೆ ಮಾತ್ರ ಗೊತ್ತಾಗಬಾರ್ದು."

ಯಾಕೆಂದು ಕೇಳಿದೆ. ನೂಲುವುದನ್ನು ನಿಲ್ಲಿಸದೆಯೇ ಹೇಳಿದಳು. ಮಗ ಕುಡುಕನಲ್ಲ. "ಕುಡ್ದು ಹೊಡ್ದಿದ್ರೆ ಅಮಲು ಇಳಿದ ಮ್ಯಾಲಾದ್ರೂ ಬಿಡ್ತಿದ್ದ" ಅಂದಳು. ಒಂದು ಮಧ್ಯಾಹ್ನ ಕುರಿಮರಿಯೊಂದು ಸತ್ತಿದ್ದಕ್ಕೆ ಅವನು ಹಟ್ಟಿಯ ಗೂಟ ಕಿತ್ತು ಹೆಂಡತಿಗೆ ಬಡಿದ. ಅವಳು ಏಳಲಾಗದೆ ಬಿದ್ದಾಗ ಕೂದಲು ಹಿಡಿದು ಮುಖವನ್ನು ಕಲ್ಲುಬಾನಿಗೆ ಗುದ್ದತೊಡಗಿದ. ಅಜ್ಜಿ ಮರಿಗಳಿಗೆ ಸೊಪ್ಪು ಕೊಚ್ಚುತ್ತಿದ್ದಳು. ಮಚ್ಚು ಕೈಯಲ್ಲೇ ಇತ್ತು.

"ಕುತ್ತಿಗೆಗೇ ಬೀಸಿದ್ದೆ ಕಣವ್ವ. ಅವ್ನು ತಿರುಗ್ದ, ತೋಳಿಗೆ ಬಿತ್ತು. ಹೆತ್ತೋಳು ನಾನು, ಸುಳ್ಳು ಯಾಕೆ ಹೇಳ್ಲಿ."

ಅವನು ರಕ್ತ ಸುರಿಯುತ್ತ ಬಿದ್ದಿದ್ದಾಗಲೇ ಸೊಸೆಯನ್ನು ಬಸ್ ಹತ್ತಿಸಿ ಕಳಿಸಿದ್ದಳು. ಗಾಯ ಮಾದ ಮೇಲೆ ಮಗ ತಾಯಿಯನ್ನು ಮನೆಯಿಂದ ಹೊರಗೆ ಹಾಕಿದ.

ಕೆಲವು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಕಂಬಳಿ ಹೊದ್ದವನೊಬ್ಬ ನನ್ನ ಕೋಣೆಗೆ ಬಂದ. ಎಡಗೈಯ ಬೆರಳು ಸೆಟೆದಿದ್ದವು. ನೋಡಿದ ಕೂಡಲೇ ಯಾರೆಂದು ತಿಳಿಯಿತು.

"ಅಕ್ಕಾರೆ, ನಮ್ಮವ್ವ ನನ್ನ ಹೆಂಡ್ತಿ ವಿಳಾಸ ಬರೆಸವ್ಳಂತೆ. ಅದೆಲ್ಲೈತೆ ಹೇಳ್ರಿ, ಹೋಗ್ತೀನಿ."

"ಅದನ್ನ ಹೊರಗಿನೋರಿಗೆ ಹೇಳೋ ಹಾಗಿಲ್ಲಪ್ಪ."

"ನಾನು ಹೊರಗಿನೋನಾ?"

ಅಷ್ಟು ಮೆತ್ತಗೆ ಕೇಳಿದವನು ಮರುಕ್ಷಣ ನನ್ನ ಕೈ ಹಿಡಿದೆಳೆದು ಮೇಜಿನ ಡ್ರಾಯರಿನೊಳಗಿಟ್ಟು, ಡ್ರಾಯರನ್ನು ಮೊಣಕಾಲಿನಿಂದ ಒದ್ದು ಮುಚ್ಚಿದ. ಮಣಿಕಟ್ಟು ಮುರಿದ ಸದ್ದು ನನಗೇ ಕೇಳಿಸಿತು. ಮತ್ತೆ ಎಳೆದು ತೆರೆದು ಮತ್ತೆ ಒದ್ದ. ಬಾಯಿಗೆ ಬಂದಿದ್ದು ಹೇಳಿದೆ: "ಹೊಸದುರ್ಗ. ಹಾಲುರಾಮೇಶ್ವರದ ಹತ್ರ."

ಅವನಿಗೆ ಓದಲು ಬರುತ್ತಿರಲಿಲ್ಲ. ನಂಬಿಕೆಯೂ ಬರಲಿಲ್ಲ. ಗಲಾಟೆ ಕೇಳಿ ಬಾಗಿಲಿಗೆ ಬಂದಿದ್ದ ಒಬ್ಬ ತಾತನ ಕೊರಳಪಟ್ಟಿ ಹಿಡಿದು ಎಳೆತಂದು, ಪುಸ್ತಕ ತೆರೆಸಿ, "ಓದಲೇ" ಅಂದ. ತಾತ ಹಿಂದೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು. ಕನ್ನಡಕ ಸರಿಮಾಡಿಕೊಂಡು ಸಾಲಿನ ಮೇಲೆ ಬೆರಳಿಟ್ಟ. "ಹೊಸದುರ್ಗ ತಾಲ್ಲೂಕು, ಹಾಲುರಾಮೇಶ್ವರ," ಎಂದು ನಿಧಾನವಾಗಿ ಓದಿದ. ಬೆರಳಿನ ಕೆಳಗೆ ನಾನು ಬರೆದ ಹಿರಿಯೂರು ಇತ್ತು.

ಅವನು ಹೊರಟೇಬಿಡುತ್ತಿದ್ದ. ಆದರೆ ಅಷ್ಟರಲ್ಲಿ ಅಜ್ಜಿ ಬಂದಳು. ಜೋತುಬಿದ್ದ ನನ್ನ ಕೈ ನೋಡಿದಳು, ಮಗನನ್ನು ನೋಡಿದಳು. ಎರಡೂ ಕೈಯಿಂದ ಅವನ ಮುಖ ಪರಚಿದಳು. ಅವನು ತಾಯಿಯ ಸೊಂಟಕ್ಕೆ ಒದ್ದ. ಅಜ್ಜಿ ಹೊಸ್ತಿಲ ಮೇಲೆ ಅಡ್ಡ ಬಿದ್ದಳು. ಬಿದ್ದವಳನ್ನು ಮತ್ತೆ ಒದ್ದ. ತಡೆಯಲು ಬಗ್ಗಿದ ತಾತನ ಬಾಯಿಗೆ ಗುದ್ದಿದ; ಕನ್ನಡಕವೂ ಹಲ್ಲೂ ಒಟ್ಟಿಗೆ ನೆಲಕ್ಕೆ ಬಿದ್ದವು.

ನಾನು ಹೊರಗೋಡಿ ಕೂಗಿಕೊಂಡೆ. ಎದುರಿನ ಬಯಲಲ್ಲಿ ಚಪ್ಪಡಿ ಒಡೆಯುತ್ತಿದ್ದವರು ಓಡಿಬಂದರು. ಅವನನ್ನು ಅಂಗಳಕ್ಕೆ ಎಳೆದು ಹೊಡೆದರು. ಅವನು ಕೈಮುಗಿದ ಮೇಲೂ ಹೊಡೆದರು. ಕಿವಿಯಿಂದ ರಕ್ತ ಬರುತ್ತಿತ್ತು. ಸಾಕು ಬಿಡ್ರಿ ಅಂತ ನಾನು ಹೇಳಬಹುದಿತ್ತು. ನನಗೆ ಹೇಳಬೇಕೆನಿಸಲಿಲ್ಲ. ಪೊಲೀಸರು ಬರುವ ಹೊತ್ತಿಗೆ ಅವನಿಗೆ ನಿಲ್ಲಲೂ ಆಗುತ್ತಿರಲಿಲ್ಲ.

ಅಜ್ಜಿಯ ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು, "ಇವರ ಕಡೆಯೋರಿಗೆ ಹೇಳಿ ಕಳಿಸಿ" ಅಂದರು.

"ಹೇಳ್ಬ್ಯಾಡ," ಎಂದಳು ಅಜ್ಜಿ. "ಜೀವ ಹೋದ್ರೆ ಅಂದಿದ್ದೆ. ಇನ್ನೂ ಹೋಗಿಲ್ಲ."

ನಾನು ಅವಳ ಮಾತು ಕೇಳಲಿಲ್ಲ. ಕೈಗೆ ಪಟ್ಟಿ ಹಾಕಿಸಿಕೊಂಡು ಮಾರನೆಯ ದಿನ ಹಿರಿಯೂರಿನ ಬಸ್ ಹತ್ತಿದೆ. ಮಿಲ್ಲಿನಲ್ಲಿ ತೌಡಿನ ದೂಳಿನ ನಡುವೆ ಸೊಸೆ ಸಿಕ್ಕಳು. ಹುಬ್ಬಿನಿಂದ ಕೆನ್ನೆಯವರೆಗೆ ಬಾನಿಯ ಅಂಚಿನ ಗಾಯದ ಗುರುತಿತ್ತು. ಎಲ್ಲ ಕೇಳಿದ ಮೇಲೆ ಅವಳು ಕೇಳಿದ್ದು ಒಂದೇ:

"ಅವ್ನು ಎಲ್ಲವ್ನೆ?"

"ಲಾಕಪ್ಪಿನಲ್ಲಿ."

"ಹೊರಗಿದ್ರೂ ಬರ್ತಿದ್ದೆ. ನಡೀರಿ, ಹೋಗಾಣ."

ಆಸ್ಪತ್ರೆಯಲ್ಲಿ ಮಂಚದ ಬಳಿ ಬಂದು ಬಗ್ಗಿದ ಸೊಸೆಯ ಕೆನ್ನೆಗೆ ಅಜ್ಜಿ ಮಲಗಿದಲ್ಲಿಂದಲೇ ಬಾರಿಸಿದಳು. "ಯಾಕೆ ಬಂದೆ? ನಿನ್ನ ಸಾಯಾಕೆ ಬಿಡ್ಲಿಲ್ಲ ನಾನು, ಮತ್ತೆ ಇಲ್ಲಿಗೇ ಬಂದ್ಯಾ?" ಸೊಸೆ ಆ ಕೈಯನ್ನು ಹಿಡಿದು ಹಾಸಿಗೆಯ ಮೇಲಿಟ್ಟಳು. ಲೋಟದಲ್ಲಿ ಗಂಜಿ ತಂದಿದ್ದಳು. ಕುಡಿಸಿದಳು.

ಮಗನಿಗೆ ಜೈಲಾಯಿತು. ಬಿಡುಗಡೆಯಾದ ಮೇಲೆ ಕುರಿ ಮಾರಿ ಆಂಧ್ರದ ಕಡೆ ಹೋದನೆಂದು ಕೇಳಿದೆ. ಹಿರಿಯೂರಿಗಂತೂ ಹೋಗಲಿಲ್ಲ. ನನ್ನ ಮಣಿಕಟ್ಟು ವಕ್ರವಾಗಿಯೇ ಕೂಡಿತು. ಈಗಲೂ ಒದ್ದೆ ಬಟ್ಟೆ ಹಿಂಡಲಾಗದು. ಎಲುಬು ಕೂಡುವವರೆಗೆ ಸೊಸೆ ಆಸ್ಪತ್ರೆಯಲ್ಲೇ ಉಳಿದು, ಆಮೇಲೆ ಅಜ್ಜಿಯನ್ನು ತನ್ನ ಜೊತೆ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಕೂರಿಸಿ ನಾನು ಇಳಿಯುವಾಗ ಅಜ್ಜಿ ನನ್ನ ಸೆರಗು ಜಗ್ಗಿದಳು.

"ಆವತ್ತು ಅವ್ನಿಗೆ ಭಾಳ ಪೆಟ್ಟಾಯ್ತಾ?"

"ಆಯ್ತು ಅಜ್ಜಿ."

"ಆಗ್ಲಿ," ಅಂದಳು. ಮುಖ ಕಿಟಕಿ ಕಡೆ ತಿರುಗಿಸಿಕೊಂಡಳು. ಬಸ್ ಹೊರಟಾಗಲೂ ಈ ಕಡೆ ನೋಡಲಿಲ್ಲ.